ಎಡಕ್ಕೆ ತಿರುಗಿದರೆ ಟಕ್ ಟಕ್

ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಊರವರ ಕಿವಿಯಿಂದ ಹೊಟ್ಟೆ ಹೊರೆಯುವ ಮನುಷ್ಯ. ಕಿವಿ ಪರೀಕ್ಷೆಯ ಕ್ಲಿನಿಕ್ಕೊಂದರಲ್ಲಿ ಅವರಿಗೆ ಕೆಲಸ. ಬಂದವರನ್ನು ಸದ್ದು ನುಸುಳದ ಗಾಜಿನ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ತಾವು ಹೊರಗೆ ಕೂತು ಯಂತ್ರದ ಗುಂಡಿ ತಿರುಗಿಸುತ್ತಾರೆ. ಶಬ್ದ ಕೇಳಿಸಿದಾಗ ಒಳಗಿದ್ದವರು ಕೈ ಎತ್ತಬೇಕು. ಎತ್ತದವರಿಗೆ ಕಿವಿಯ ಹಿಂದೆ ಸಿಕ್ಕಿಸುವ ಮೆಷಿನ್ನು. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ, ಪ್ರಪಂಚದಲ್ಲಿ ಸರಿಯಾಗಿರುವ ಕಿವಿಗಳು ಎರಡೇ, ಅವೆರಡೂ ತಮ್ಮ ತಲೆಯ ಆಚೆ ಈಚೆ ಇವೆ ಎಂಬ ತೀರ್ಮಾನಕ್ಕೆ ಅವರು ಬಂದುಬಿಟ್ಟಿದ್ದರು. "ಪಕ್ಕದ ಮನೇಲಿ ಸೂಜಿ ಬಿದ್ರೆ, ದಾರ ಪೋಣಿಸಿತ್ತೋ ಇಲ್ವೋ ಅಂತ ಹೇಳ್ತೀನಿ" ಅನ್ನುತ್ತಿದ್ದರು. ಬೀದಿಯವರು ಬೆನ್ನ ಹಿಂದೆ ಅವರನ್ನು ಸೂಜಿಕಿವಿ ಎಂದು ಕರೆಯುತ್ತಿದ್ದರು. ಎಷ್ಟು ಜೋರಾಗಿ ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ. ದೊಡ್ಡ ಮನುಷ್ಯರ ಗಾಂಭೀರ್ಯ ಅಂತ ನಾವು ತಿಳಿದಿದ್ದೆವು.

ಕ್ಲಿನಿಕ್ಕಿನ ಯಜಮಾನತಿ ಡಾಕ್ಟರಮ್ಮ ಊರಿನ ಇನ್ನೊಂದು ತುದಿಯಲ್ಲಿ ಎರಡನೇ ಕ್ಲಿನಿಕ್ ತೆರೆಯುವವರಿದ್ದರು. ಅದರ ಉಸ್ತುವಾರಿ ಷಡ್ಡಕರಿಗೇ ಎಂದು ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ಸ್ವಂತ ಮೇಜು, ಸ್ವಂತ ಕೋಣೆ, ಬಾಗಿಲ ಮೇಲೆ ಹೆಸರು. ಬೋರ್ಡು ಬರೆಯುವ ಅಂಗಡಿ ನನ್ನದಾದ್ದರಿಂದ ಆ ಹೆಸರಿನ ಅಕ್ಷರ ಎಷ್ಟು ದಪ್ಪ ಇರಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಆಗಲೇ ಮುಗಿದಿತ್ತು. ಮುಂದಿನ ಭಾನುವಾರ ಡಾಕ್ಟರಮ್ಮ ಜಾಗ ನೋಡಲು ಬರುವುದು, ನಾನು ಬೋರ್ಡಿಗೆ ಅಳತೆ ತೆಗೆದುಕೊಳ್ಳುವುದು ಅಂತ ನಿಗದಿಯಾಗಿತ್ತು. "ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ ಮೇಡಂ" ಎಂದು ಷಡ್ಡಕರು ಮಾತು ಕೊಟ್ಟುಬಂದಿದ್ದರು. ಕಾರು ಕೊಂಡು ಆಗಿನ್ನೂ ಸ್ವಲ್ಪ ದಿನವಾಗಿತ್ತು. ಹಳೆಯದೇ, ಯಾರೋ ಓಡಿಸಿ ಬಿಟ್ಟದ್ದು. ಆದರೂ ಅದನ್ನು ಒರೆಸುವ ಬಟ್ಟೆ ಮಾತ್ರ ಹೊಸದು.

ಅನಾಹುತ ಶುರುವಾದದ್ದು ಗೇಟಿನಿಂದ ಹೊರಗೆ ಬರುವಾಗ. ಮಹಡಿಯ ಮೇಲಿರುವ ಅವರಿಬ್ಬರೂ ಕೆಳಗಿರುವ ನಾವಿಬ್ಬರೂ ಕೂಡಿ ಅಂಗಡಿ ಬೀದಿಗೆ ಹೊರಟಿದ್ದೆವು. ಷಡ್ಡಕರು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಕಾರಿನ ಅಡಿಯಿಂದ ಟಕ್ ಟಕ್ ಟಕ್ ಟಕ್ ಎಂದು ಯಾರೋ ಬಾಗಿಲು ತಟ್ಟಿದ ಹಾಗಾಯಿತು.

"ರೀ, ಏನದು ಸದ್ದು?" ಅಂದರು ಪಕ್ಕದಲ್ಲಿ ಕೂತಿದ್ದ ಅತ್ತಿಗೆ.

"ಯಾವ ಸದ್ದು?"

"ಟಕ್ ಟಕ್ ಅಂತಲ್ಲ."

"ಏನೂ ಇಲ್ಲ. ನಿನಗೆ ಕಾರಲ್ಲಿ ಕೂತು ಅಭ್ಯಾಸ ಇಲ್ಲ. ಹೊಸಬರಿಗೆ ಹಾಗೆಲ್ಲ ಕೇಳಿಸುತ್ತೆ."

ಮುಂದಿನ ತಿರುವಿನಲ್ಲಿ ನನ್ನ ಹೆಂಡತಿ, "ಭಾವ, ಈಗ ಮತ್ತೆ ಬಂತು" ಎಂದಳು. ಷಡ್ಡಕರು ನನ್ನನ್ನು ಕನ್ನಡಿಯಲ್ಲಿ ನೋಡಿದರು. ನಾನು ಎರಡೂ ಮನೆಗಳ ಶಾಂತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, "ಏನೋ ಸ್ವಲ್ಪ ಬಂದ ಹಾಗಿತ್ತು ಅಣ್ಣ" ಅಂದೆ. ಅವರಿಗೆ ರೇಗಿಹೋಯಿತು. ಇವತ್ತು ಇದೊಂದು ತೀರ್ಮಾನ ಆಗಿಯೇ ಬಿಡಲಿ ಎಂದು ಕಾರನ್ನು ಬದಿಗೆ ನಿಲ್ಲಿಸಿ ಕ್ಲಿನಿಕ್ಕಿನ ದನಿಯಲ್ಲಿ ಹೇಳಿದರು: "ನೋಡಿ, ಇದಕ್ಕೆ ಶಾಸ್ತ್ರ ಇದೆ. ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿಸ್ತೀನಿ. ಯಾರೂ ಮಾತಾಡಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಸದ್ದು ಕೇಳಿಸಿದವರು ಕೈ ಎತ್ತಿ. ನನಗೆ ಕೇಳಿಸಿದ್ರೆ ನಾನೂ ಎತ್ತುತ್ತೀನಿ."

ಸರ್ಕಲ್ಲು ಬಂತು. ಕಾರು ಎಡಕ್ಕೆ ತಿರುಗಿತು. ಟಕ್ ಟಕ್ ಟಕ್. ಮೂರು ಕೈಗಳು ಒಟ್ಟಿಗೇ ಮೇಲೆದ್ದವು. ಅತ್ತಿಗೆಯ ಕೈ ಕಿಟಕಿಯಿಂದ ಹೊರಗೇ ಹೋಗಿತ್ತು. ಸರ್ಕಲ್ಲಿನ ಪೊಲೀಸಿನವನು ಇಷ್ಟು ಜನ ತನಗೆ ಯಾಕೆ ಕೈ ಮಾಡುತ್ತಿದ್ದಾರೆಂದು ತಿಳಿಯದೆ, ಏನೋ ಅಪಾಯವೆಂದುಕೊಂಡು ಸೀಟಿ ಊದಿ ನಾಲ್ಕೂ ಕಡೆಯ ಗಾಡಿಗಳನ್ನು ನಿಲ್ಲಿಸಿಬಿಟ್ಟ. ಓಡಿ ಬಂದು ಕಿಟಕಿಯಲ್ಲಿ ತಲೆ ತೂರಿಸಿದ.

"ಏನ್ರೀ ಆಯ್ತು? ಯಾರಿಗೇನಾಯ್ತು?"

"ಏನೂ ಇಲ್ಲ ಸಾರ್" ಅಂದರು ಅತ್ತಿಗೆ. "ಕಿವಿ ಪರೀಕ್ಷೆ ಮಾಡ್ತಿದ್ರು."

ಪೊಲೀಸಿನವನು ಕಾರಿನೊಳಗಿದ್ದ ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದ. ಅವನ ಕೆಲಸದಲ್ಲಿ ಕುಡಿದವರಿಗೆ ಒಂದು ದಾರಿಯಿತ್ತು, ಕುಡಿಯದೆ ಹೀಗೆ ಮಾಡುವವರಿಗೆ ಇರಲಿಲ್ಲ. "ಹೋಗ್ರೀ ಮೊದ್ಲು" ಎಂದು ಬಾನೆಟ್ಟಿನ ಮೇಲೆ ಬಡಿದು ಕಳಿಸಿದ. ಷಡ್ಡಕರ ಎರಡೂ ಕೈಗಳು ಆಗಲೂ ಸ್ಟೇರಿಂಗಿನ ಮೇಲೇ ಇದ್ದವು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ರಕ್ತವೆಲ್ಲ ಇಳಿದುಹೋಗಿತ್ತು. ಅವರು ಎಷ್ಟೋ ಜನರಿಗೆ ಈ ಸುದ್ದಿಯನ್ನು ಮೇಜಿನ ಆಚೆಯಿಂದ ಹೇಳಿದವರು. ಈಚೆಯಿಂದ ಕೇಳಿದ್ದು ಅದೇ ಮೊದಲು. ನನಗೆ ಪಾಪ ಅನ್ನಿಸಿತು.

ಅಂಗಡಿ ಬೀದಿ ತಲುಪುವಷ್ಟರಲ್ಲಿ ಅವರು ಸುಧಾರಿಸಿಕೊಂಡಿದ್ದರು. ಇಳಿಯುವಾಗ ಹೇಳಿದರು: "ನಿಮಗೆ ಈಗ ಕೇಳಿಸಿತು. ನನಗೆ ಕಾರು ತಂದ ದಿನದಿಂದ ಕೇಳಿಸ್ತಾನೇ ಇದೆ. ನೀವು ಹೆದರ್ತೀರಿ ಅಂತ ಸುಮ್ಮನಿದ್ದೆ."

ಅಲ್ಲಿಂದ ಮುಂದೆ ಅವರಿಗೆ ಕೇಳಿಸದ ಸದ್ದೇ ಇಲ್ಲ ಎನ್ನುವಂತಾಯಿತು. ಎಡಕ್ಕೆ ತಿರುಗಿದರೆ ಸದ್ದು, ಬಲಕ್ಕೆ ತಿರುಗಿದರೆ ಸದ್ದು, ನೇರ ಹೋದರೂ ಸದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವರು ಗಳಿಗೆಗೊಮ್ಮೆ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕ್ಲಿನಿಕ್ಕಿಗೆ ಹೋಗುವಾಗ ದಾರಿಯಲ್ಲಿ ನನ್ನನ್ನು ಅಂಗಡಿಗೆ ಬಿಡುವ ನೆಪದಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ತಿರುವು ಬಂದಾಗ ರಸ್ತೆ ಬಿಟ್ಟು ನನ್ನ ಹುಬ್ಬು ನೋಡುತ್ತಿದ್ದರು. ನನ್ನ ಹುಬ್ಬು ಮೇಲೆದ್ದರೆ, "ಹಾಂ, ಬಂತು ನೋಡು" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಕಣ್ಣಿಗೆ ಕಸ ಬಿದ್ದು ನಾನು ಹುಬ್ಬು ಕುಣಿಸುತ್ತಲೇ ಇದ್ದೆ. ಷಡ್ಡಕರು, "ಇವತ್ತು ಜಾಸ್ತಿ ಇದೆ" ಎಂದು ಕಾರನ್ನು ಸೀದಾ ಗ್ಯಾರೇಜಿಗೆ ತಿರುಗಿಸಿದರು.

ಗ್ಯಾರೇಜಿನವನನ್ನು ಎಲ್ಲರೂ ಆಯ್ತುಬಿಡಿ ಎಂದೇ ಕರೆಯುವುದು. ಏನು ಹೇಳಿದರೂ ಅವನ ಉತ್ತರ "ಆಯ್ತು ಬಿಡಿ ಸಾರ್." ಎಂಜಿನ್ನಿಗೆ ಬೆಂಕಿ ಬಿದ್ದಿದೆ ಅಂದರೂ ಅಷ್ಟೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ಅದೂ ನ್ಯಾಯವಾದ ಪ್ರಶ್ನೆ: "ಸದ್ದು ಹೆಂಗೆ ಬರುತ್ತೆ ಸಾರ್?"

ಷಡ್ಡಕರು ನನ್ನ ಮುಖ ನೋಡಿದರು. ನಾನು ಗೋಡೆಗೆ ನೇತುಹಾಕಿದ್ದ ಟೈರುಗಳನ್ನು ನೋಡಿದೆ.

"ಒಂಥರಾ ಕುಯ್ ಅಂತ" ಅಂದರು ಷಡ್ಡಕರು.

"ಕುಯ್ ಅಂತಾನಾ?"

"ಕುಯ್ ಅಂತ ಶುರುವಾಗಿ ಆಮೇಲೆ ಗುಡು ಗುಡು."

"ತಿರುಗಿಸಿದಾಗ ಮಾತ್ರಾನಾ ಸಾರ್, ನೇರ ಹೋದ್ರೂ ಬರುತ್ತಾ?"

"ಎಲ್ಲ ಕಡೇನೂ ಬರುತ್ತೆ. ನನ್ನ ಕಿವಿಯಿಂದ ಯಾವುದೂ ತಪ್ಪಿಸ್ಕೊಳ್ಳೋಕಾಗಲ್ಲ."

"ಆಯ್ತು ಬಿಡಿ ಸಾರ್" ಎಂದು ಅವನು ಕುಯ್‌ಗಾಗಿ ಬ್ರೇಕಿನ ಪ್ಯಾಡು ಬದಲಾಯಿಸಿದ, ಗುಡುಗುಡುವಿಗಾಗಿ ಬೇರಿಂಗು ಬದಲಾಯಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕಾರಿನಲ್ಲಿ ಏನೇನು ಚೆನ್ನಾಗಿತ್ತೋ ಅದೆಲ್ಲ ಹೊಸದಾಯಿತು. ಟಕ್ ಟಕ್ ಮಾತ್ರ ಇದ್ದಲ್ಲೇ ಇತ್ತು. ಗ್ಯಾರೇಜಿನಿಂದ ಹೊರಗೆ ಬರುತ್ತ ಎಡಕ್ಕೆ ತಿರುಗುವಾಗಲೇ ಟಕ್ ಟಕ್ ಎಂದಿತು. ಷಡ್ಡಕರು ಸಂತೃಪ್ತಿಯಿಂದ ತಲೆಯಾಡಿಸಿ, "ನೋಡಿದೆಯಾ, ಬೆಣ್ಣೆ ಥರ ಹೋಗ್ತಿದೆ" ಅಂದರು. ನನ್ನ ಹುಬ್ಬು ಮೇಲೇರಿತು. ಅವರ ಸಂತೃಪ್ತಿ ಕೆಳಗಿಳಿಯಿತು. ಕಾರು ಹಿಂದಕ್ಕೆ ತಿರುಗಿತು. ಆ ವಾರ ಆಯ್ತುಬಿಡಿ ಶಾಕ್ ಅಬ್ಸಾರ್ಬರ್ ಬಿಚ್ಚಿದ, ಸ್ಪ್ರಿಂಗ್ ಬಿಚ್ಚಿದ, ಎಡಗಡೆಯ ಚಕ್ರವನ್ನಂತೂ ಎಷ್ಟು ಸಲ ಬಿಚ್ಚಿದನೆಂದರೆ ಅದು ಅವನನ್ನು ಕಂಡರೆ ತಾನಾಗಿ ಕಳಚಿಕೊಳ್ಳುವ ಹಂತಕ್ಕೆ ಬಂದಿತ್ತು. ಎಡಕ್ಕೆ ತಿರುಗಿದರೆ ತಾನೇ ಸದ್ದು, ಆದ್ದರಿಂದ ತೊಂದರೆ ಎಡಗಡೆಯೇ ಎಂಬುದು ಅವನ ವಾದ. ಬಲಗಡೆ ಬಗ್ಗಿ ನೋಡುವುದು ಅವನಿಗೂ ಹೊಳೆಯಲಿಲ್ಲ.

ನಮ್ಮ ಬೀದಿಯಲ್ಲೂ ನೆಮ್ಮದಿ ಹೋಯಿತು. ಷಡ್ಡಕರು ಸಂಜೆ ಬಂದವರೇ ಕಾರು ತೆಗೆದು ಮನೆಯ ಮುಂದಿನ ಖಾಲಿ ಜಾಗದಲ್ಲಿ ಎಡಕ್ಕೆ ಸುತ್ತು ಹೊಡೆಯುತ್ತಿದ್ದರು. ಕಿಟಕಿ ಇಳಿಸಿ ಒಂದು ಸುತ್ತು, ಏರಿಸಿ ಒಂದು ಸುತ್ತು, ತಲೆ ಹೊರಗೆ ಹಾಕಿ ಒಂದು ಸುತ್ತು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಮೊದಲ ದಿನ ಕೇಳಿದರು, "ಏನು, ಡ್ರೈವಿಂಗ್ ಕಲೀತಿದ್ದಾರಾ?" ಎರಡನೇ ದಿನ ಕೇಳಿದರು, "ನಿಲ್ಲಿಸೋದು ಇನ್ನೂ ಕಲ್ತಿಲ್ವಾ?" ಮೂರನೇ ದಿನ ಅವರು ಕಿಟಕಿ ಮುಚ್ಚಿಕೊಂಡರು.

ಮನೆಯೊಳಗೆ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ಅತ್ತಿಗೆಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತು, ನನಗೆ ಗೊತ್ತು. ನಮಗೆ ಗೊತ್ತೆಂಬುದು ಮಾತ್ರ ಅವರಿಗೆ ಗೊತ್ತಾಗಬಾರದು. ಒಂದು ದಿನ ಷಡ್ಡಕರು ನನ್ನ ಅಂಗಡಿಗೆ ಬಂದು, ಒಣಗಲು ಇಟ್ಟಿದ್ದ ಬೋರ್ಡುಗಳ ನಡುವೆ ಕೂತರು. ಆಮೇಲೆ ಕೇಳಿದರು: "ಒಬ್ಬ ಬೋರ್ಡ್ ಬರೆಯೋನಿಗೆ ಕಣ್ಣು ಮಂಜಾದ್ರೆ ಏನಯ್ಯ ಮಾಡ್ತಾನೆ?"

"ಕನ್ನಡಕ ಹಾಕ್ಕೋತಾನೆ ಅಣ್ಣ."

"ಅದು ಕಣ್ಣಿನ ಮಾತು" ಎಂದು ಎದ್ದು ಹೋದರು. ಅವರ ಹೆದರಿಕೆ ಏನೆಂದು ನನಗೆ ಆಗ ಪೂರ್ತಿ ತಿಳಿಯಿತು. ಭಾನುವಾರ ಡಾಕ್ಟರಮ್ಮ ಕಾರು ಹತ್ತುತ್ತಾರೆ. ಟಕ್ ಟಕ್ ಅನ್ನುತ್ತದೆ. ಕಿವಿಯ ಡಾಕ್ಟರು, ಒಂದು ಪ್ರಶ್ನೆ ಕೇಳಿದರೆ ಸಾಕು. ಉಸ್ತುವಾರಿಯಂತೂ ಹೋಗುತ್ತದೆ, ಇರುವ ಕುರ್ಚಿಯೂ ಉಳಿಯುವುದೋ ಇಲ್ಲವೋ.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಬಳಿ ಅತ್ತಿಗೆ ನನ್ನನ್ನು ತಡೆದರು. ದನಿ ತಗ್ಗಿಸುವ ಅಗತ್ಯ ಆ ಮನೆಯಲ್ಲಿ ಇರದಿದ್ದರೂ ತಗ್ಗಿಸಿದರು.

"ನಿನ್ನೆ ಇವರು ಕ್ಲಿನಿಕ್ಕಿಗೆ ನಡ್ಕೊಂಡು ಹೋಗಿದ್ರಲ್ಲ, ಆಗ ಕಾರನ್ನ ನಾನೇ ಪೆಟ್ರೋಲ್ ಬಂಕಿನ ಪಕ್ಕ ಇರೋ ಬೇರೆ ಗ್ಯಾರೇಜಿಗೆ ತಳ್ಳಿಸ್ಕೊಂಡು ಹೋಗಿದ್ದೆ. ಅವನು ಅಡಿಗೆ ಬಗ್ಗಿ ನೋಡ್ದ. ಬಲಗಡೆ ಚಕ್ರದ ಹಿಂದೆ ಒಂದು ರಬ್ಬರ್ ಚೀಲ ಇರುತ್ತಂತೆ, ಅದು ಹರಿದು ಗ್ರೀಸೆಲ್ಲ ಚೆಲ್ಲಿ, ಒಳಗಿನ ಜಾಯಿಂಟ್ ಸವೆದುಹೋಗಿತ್ತಂತೆ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಬೀಳುತ್ತಂತೆ, ಅದಕ್ಕೇ ಟಕ್ ಟಕ್. ಜಾಯಿಂಟ್ ಹೊಸದು ಹಾಕಿದಾನೆ. ಈಗ ಸದ್ದೇ ಇಲ್ಲ."

"ಅಣ್ಣನಿಗೆ ಹೇಳಿದ್ರಾ?"

"ಹೇಗಪ್ಪ ಹೇಳ್ಲಿ? ಸದ್ದು ನಿಂತಿದೆ ಅಂತ ಹೇಳಿದ್ರೆ, ನಿಮಗದು ತಾನಾಗಿ ಗೊತ್ತಾಗಲ್ಲ ಅಂತ ಹೇಳಿದ ಹಾಗಲ್ವಾ? ಆ ಡಾಕ್ಟರ್ ಮುಂದೆ ಅವರ ಮರ್ಯಾದೆ ಉಳಿದ್ರೆ ಸಾಕು. ನೀನೂ ಬಾಯಿ ಬಿಡಬೇಡ."

ಅತ್ತಿಗೆಯದು ಒಳ್ಳೆಯ ಮನಸ್ಸು. ಎಷ್ಟೋ ಮನೆಗಳು ಹಾಳಾಗಿರುವುದು ಒಳ್ಳೆಯ ಮನಸ್ಸಿನವರಿಂದಲೇ.

ಡಾಕ್ಟರಮ್ಮ ಮುಂದೆ ಕೂತರು, ಅಳತೆ ಪಟ್ಟಿ ಹಿಡಿದುಕೊಂಡು ನಾನು ಹಿಂದೆ. ಷಡ್ಡಕರು ಇಡೀ ರಾತ್ರಿ ಯೋಚಿಸಿ ಎಡತಿರುವೇ ಇಲ್ಲದ ದಾರಿಯೊಂದನ್ನು ಕಂಡುಹಿಡಿದಿದ್ದರು. ಎಡಕ್ಕೆ ಒಮ್ಮೆ ಹೋಗಬೇಕಾದ ಕಡೆ ಬಲಕ್ಕೆ ಮೂರು ಸಲ ತಿರುಗಿದರೆ ಆಯಿತು. ಊರು ಅದಕ್ಕೆ ತಕ್ಕಂತೆ ಕಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ.

"ಈ ಔಷಧಿ ಅಂಗಡಿಯವರಿಗೆ ಒಂದೇ ರಸ್ತೇಲಿ ಎಷ್ಟು ಬ್ರಾಂಚು?" ಎಂದು ಕೇಳಿದರು ಡಾಕ್ಟರಮ್ಮ.

"ದೊಡ್ಡ ವ್ಯಾಪಾರ ಮೇಡಂ" ಅಂದರು ಷಡ್ಡಕರು, ಅದೇ ಅಂಗಡಿಯನ್ನು ಮತ್ತೊಮ್ಮೆ ದಾಟುತ್ತ.

ನನಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಗ್ಗಿ ಅವರ ಕಿವಿಯ ಹತ್ತಿರ ಪಿಸುಗುಟ್ಟಿದೆ: "ಅಣ್ಣ, ರಿಪೇರಿ ಆಗಿದೆ, ಎಡಕ್ಕೇ ಹೋಗಿ." ಅವರು ಸುಮ್ಮನೆ ರಸ್ತೆ ನೋಡುತ್ತಿದ್ದರು. ಇನ್ನೊಮ್ಮೆ ಪಿಸುಗುಟ್ಟಿದೆ.

"ಏನು ರಿಪೇರಿ?" ಎಂದು ಡಾಕ್ಟರಮ್ಮ ಹಿಂದಕ್ಕೆ ತಿರುಗಿದರು.

"ಬೋರ್ಡಿಂದು ಮೇಡಂ" ಎಂದು ನಾನು ಒರಗಿಕೊಂಡೆ.

ಮುಂದಿನ ಕೂಡುರಸ್ತೆಯಲ್ಲಿ ಪೈಪು ಹಾಕಲು ಅಗೆದಿದ್ದರು. ಪೊಲೀಸಿನವನೊಬ್ಬ ಬಂದ ಗಾಡಿಗಳನ್ನೆಲ್ಲ ಎಡಕ್ಕೆ ಕಳಿಸುತ್ತಿದ್ದ. ಬಲಕ್ಕೆ ಬಿಡಪ್ಪ ಎಂದು ಷಡ್ಡಕರು ಸನ್ನೆ ಮಾಡಿದರು. ಅವನು ಗುಂಡಿ ತೋರಿಸಿದ. ಹಿಂದಿನವರು ಹಾರ್ನು ಬಡಿದರು. ಷಡ್ಡಕರು ದೇವರ ಮೇಲೆ ಭಾರ ಹಾಕಿದವರಂತೆ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಕಾರು ತುಟಿ ಎರಡು ಮಾಡದೆ ತಿರುಗಿತು. ಅಷ್ಟು ಮೌನವಾಗಿ ಅದು ಕಾರ್ಖಾನೆಯಿಂದ ಹೊರಗೆ ಬಂದಾಗಲೂ ತಿರುಗಿರಲಾರದು.

ಡಾಕ್ಟರಮ್ಮ ಕೇಳುವ ಮೊದಲೇ ತಾವೇ ಹೇಳಿಬಿಡುವುದು ಗೌರವವೆಂದು ಷಡ್ಡಕರಿಗೆ ತೋರಿತು. ಮುಖ ಸಿಂಡರಿಸಿ, ನಾಲಿಗೆ ಲೊಚಗುಟ್ಟಿ, "ಕ್ಷಮಿಸ್ಬೇಕು ಮೇಡಂ, ಈ ದರಿದ್ರ ಸದ್ದು. ತಲೆಗೇ ಹೊಡೆದ ಹಾಗೆ ಕೇಳ್ಸುತ್ತೆ" ಅಂದರು.

"ಯಾವ ಸದ್ದು?"

ಷಡ್ಡಕರ ಮುಖ ಅರಳಿತು. ಡಾಕ್ಟರಮ್ಮನಿಗೇ ಕೇಳಿಸಲಿಲ್ಲ ಎಂದರೆ ಅದಕ್ಕಿಂತ ಭಾಗ್ಯ ಉಂಟೇ. "ನಿಮಗೆ ಕೇಳಿಸಲಿಲ್ವಾ ಮೇಡಂ? ಪರವಾಗಿಲ್ಲ, ಎಲ್ಲರಿಗೂ ಕೇಳಿಸಲ್ಲ. ಟಕ್ ಟಕ್ ಟಕ್ ಅಂತ, ಮರ ಕುಟ್ಟಿದ ಹಾಗೆ" ಎಂದು ಡ್ಯಾಶ್‌ಬೋರ್ಡಿನ ಮೇಲೆ ಕುಟ್ಟಿ ತೋರಿಸಿದರು.

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಅಳತೆ ಪಟ್ಟಿಯನ್ನು ಎಳೆದು ಬಿಡುವುದರಲ್ಲಿ ಮಗ್ನನಾಗಿದ್ದೆ.

"ಮುಂದೆ ಎಡಕ್ಕೆ ಇನ್ನೊಂದು ರಸ್ತೆ ಇದೆ. ತಿರುಗಿಸಿ ನೋಡೋಣ" ಅಂದರು. ಷಡ್ಡಕರು ತಿರುಗಿಸಿದರು. "ಬಂತಾ?"

"ಬಂತು ಮೇಡಂ. ಮೊದಲಿನದಕ್ಕಿಂತ ಜಾಸ್ತಿ."

"ಈಗ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಈಗ?"

ಷಡ್ಡಕರು ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಬಹಳ ಶ್ರದ್ಧೆಯಿಂದ ಆಲಿಸಿದರು. "ಸ್ವಲ್ಪ ಕಡಿಮೆ ಆಗಿದೆ" ಅಂದರು.

ಆ ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಡಾಕ್ಟರಮ್ಮ ಮೆಲ್ಲಗೆ ಹೇಳಿದರು, ಅದು ಕೇಳಿಸಲಿಲ್ಲವೆಂದು ತಿಳಿದು ಮತ್ತೆ ಜೋರಾಗಿ ಹೇಳಿದರು: "ಜಾಗ ಆಮೇಲೆ ನೋಡೋಣ. ಕ್ಲಿನಿಕ್ಕಿಗೆ ನಡೀರಿ."

ಗಾಜಿನ ಕೋಣೆಯೊಳಗೆ ಷಡ್ಡಕರು ಕೂತರು, ಹೊರಗೆ ಡಾಕ್ಟರಮ್ಮ. ಪಕ್ಕದ ಸ್ಟೂಲಿನಲ್ಲಿ ನಾನು. ಹೆಡ್‌ಫೋನ್ ಹಾಕಿಕೊಂಡ ತಕ್ಷಣ ಷಡ್ಡಕರು ಕೈ ಎತ್ತಿದರು. ಸ್ವಲ್ಪ ಬಿಟ್ಟು ಮತ್ತೆ ಎತ್ತಿದರು. ಒಂದು ಶಬ್ದಕ್ಕೂ ಇನ್ನೊಂದಕ್ಕೂ ಎಷ್ಟು ಬಿಡುವು ಕೊಡಬೇಕೆಂಬುದು ಅವರಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು?

ಡಾಕ್ಟರಮ್ಮ ಬಾಗಿಲು ತೆರೆದು ಹೇಳಿದರು: "ನಾನಿನ್ನೂ ಸ್ವಿಚ್ಚೇ ಹಾಕಿಲ್ಲ."

ಎತ್ತಿದ ಕೈಯನ್ನು ಇಳಿಸಲು ಷಡ್ಡಕರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಪರೀಕ್ಷೆ ಮುಗಿದು ಹೊರಗೆ ಬಂದ ಷಡ್ಡಕರು, ಇಷ್ಟು ವರ್ಷ ಆ ಬಾಗಿಲಿನಿಂದ ಹೊರಗೆ ಬಂದ ಪ್ರತಿಯೊಬ್ಬರೂ ಅವರಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. "ನನಗೆಲ್ಲ ಕೇಳ್ಸುತ್ತೆ ಮೇಡಂ, ಜನ ಗೊಣಗ್ತಾರೆ ಅಷ್ಟೆ. ನೆಗಡಿ ಆಗಿತ್ತು. ಹೆಡ್‌ಫೋನ್ ಹಳೇದು. ಮನಸ್ಸಿಟ್ಟು ಕೇಳಿದ್ರೆ ಕೇಳ್ಸುತ್ತೆ." ಕೊನೆಗೆ ಸ್ಟೂಲಿನ ಮೇಲೆ ಕೂತರು. ಅದರ ಮೇಲೆ ನಾನಿದ್ದೆ, ಪಕ್ಕಕ್ಕೆ ಸರಿದುಕೊಂಡೆ.

"ಹೆದ್ರಿಕೆ ಆಗ್ತಿದೆ ಮೇಡಂ" ಅಂದರು. "ಕಿವಿ ಕೇಳಿಸದೋನು ಕಿವಿ ಪರೀಕ್ಷೆ ಮಾಡ್ತಾನೆ ಅಂದ್ರೆ ಜನ ಉಗೀತಾರೆ. ನನಗೆ ಇದು ಬಿಟ್ಟು ಬೇರೆ ಏನೂ ಬರಲ್ಲ."

"ಸಣ್ಣ ಸದ್ದು, ಚೂಪು ಸದ್ದು ಹೋಗಿವೆ. ಎರಡೂ ಕಿವೀಲಿ. ಎಷ್ಟು ವರ್ಷವಾಗಿದೆಯೋ" ಅಂದರು ಡಾಕ್ಟರಮ್ಮ. "ಪರೀಕ್ಷೆ ಮಾಡೋದು ಮೆಷಿನ್ನು. ನೀವಲ್ಲ. ಇಲ್ಲಿಗೆ ಬರೋರೆಲ್ಲ ನಿಮ್ಮನ್ನೇ ಕೇಳ್ಕೊಂಡು ಬರ್ತಾರೆ, ಯಾಕೆ ಗೊತ್ತಾ? ಊರಲ್ಲಿ ಅವರ ಹತ್ರ ಕೇಳೋ ಹಾಗೆ ಮಾತಾಡೋರು ನೀವೊಬ್ಬರೇ. ಬೇಕಂತ ಕಿರುಚ್ತೀರಿ, ಅವರ ಮೇಲೆ ಕನಿಕರಕ್ಕೆ ಅಂತ ನಾನು ತಿಳ್ಕೊಂಡಿದ್ದೆ."

ಷಡ್ಡಕರು ಕಣ್ಣೊರೆಸಿಕೊಂಡರು.

"ಹೊಸ ಕ್ಲಿನಿಕ್ ನಿಮಗೇ. ಆದ್ರೆ ಮೆಷಿನ್ನು ಹಾಕ್ಕೊಂಡು ಕೂರಬೇಕು. ಕೂದಲು ಬಿಟ್ಟು ಮುಚ್ಕೋಬಾರದು."

"ಕೂದಲೆಲ್ಲಿದೆ ಮೇಡಂ" ಅಂದರು ಷಡ್ಡಕರು.

ಅವತ್ತು ಸಂಜೆ ನಾಲ್ವರೂ ಕಾರಿನಲ್ಲಿ ಹೊರಟೆವು. ಷಡ್ಡಕರ ಎರಡು ಕಿವಿಗಳ ಹಿಂದೆಯೂ ಒಂದೊಂದು ಹೊಸ ಮೆಷಿನ್ನು. ಗೇಟಿನ ಬಳಿ ಎಡಕ್ಕೆ ತಿರುಗಿಸಿದರು. ಸದ್ದಿಲ್ಲ. ಅತ್ತಿಗೆ ತಾವು ಮಾಡಿಸಿದ ರಿಪೇರಿಯ ಕಥೆ ಒಪ್ಪಿಕೊಂಡರು. ಷಡ್ಡಕರು ಬೈಯಲಿಲ್ಲ, "ಒಳ್ಳೇದು ಮಾಡಿದೆ" ಅಂದರು. ನಮಗೆಲ್ಲ ಎದೆ ತುಂಬಿ ಬಂತು. ಸಿಗ್ನಲ್ಲು ದಾಟಿದೆವು, ಮಾರುಕಟ್ಟೆ ದಾಟಿದೆವು. ಅತ್ತಿಗೆ ಎಂದಿನಂತೆ ಕಿಟಕಿಯಾಚೆ ನೋಡುತ್ತ ತಮ್ಮಷ್ಟಕ್ಕೆ ಗೊಣಗಿಕೊಂಡರು: "ಕಣ್ಣೆಲ್ಲೋ, ಕೈಯೆಲ್ಲೋ. ಈ ಮನುಷ್ಯ ಯಾವಾಗ ಬದಲಾಗ್ತಾರೋ."

"ಬದಲಾದೆನಲ್ಲೇ, ಇವತ್ತೇ" ಅಂದರು ಷಡ್ಡಕರು.

ಅತ್ತಿಗೆಯ ಕೈ ಬಾಯಿಯ ಮೇಲೆ ಹೋಯಿತು. "ನಾನು ಏನಂದೆ?"

"ಯಾವಾಗ ಬದಲಾಗ್ತಾರೋ ಅಂದೆ. ಸಿಗ್ನಲ್ ಹತ್ರ ಮಾತ್ರ ಅರ್ಧಕ್ಕೇ ನಿಲ್ಲಿಸಿದೆ. 'ನಮ್ಮಪ್ಪ ಮೊದ್ಲು ನೋಡಿದ್ದ ಆ ಹುಡುಗ' ಅಂದೆ. ಆ ಹುಡುಗ ಏನಂತೆ?"

ಕಾರಿನೊಳಗೆ ಉಸಿರಾಟವೂ ನಿಂತುಹೋಯಿತು. ಮದುವೆಯಾದಾಗಿನಿಂದ ಪಕ್ಕದಲ್ಲಿ ಕೂತು ಆಡಿದ್ದನ್ನೆಲ್ಲ ಅತ್ತಿಗೆ ಮನಸ್ಸಿನಲ್ಲೇ ತಿರುವಿ ಹಾಕುತ್ತಿರುವಂತೆ ಕಂಡಿತು. ನನ್ನ ಪಕ್ಕದಲ್ಲಿ ನನ್ನ ಹೆಂಡತಿಯೂ ತುಟಿ ಬಿಗಿದು ಕೂತಳು, ಅವಳಿಗೇನು ನೆನಪಾಯಿತೋ ನಾನು ಕೇಳಲು ಹೋಗಲಿಲ್ಲ. ಬಲಕ್ಕೆ ತಿರುಗಿದೆವು, ಎಡಕ್ಕೆ ತಿರುಗಿದೆವು. ಸರ್ಕಲ್ಲು ಸುತ್ತಿದೆವು. ಯಾರೂ ಕೆಮ್ಮಲಿಲ್ಲ, ಕೂತಲ್ಲಿ ಮಿಸುಕಲಿಲ್ಲ. ಮನೆ ಬಂದಾಗ ಅಕ್ಕ ತಂಗಿ ಇಬ್ಬರೂ ಬಾಗಿಲನ್ನು ಸದ್ದಾಗದಂತೆ ಹಾಕಿ ಮೆಟ್ಟಿಲ ಕಡೆ ನಡೆದರು.

ಷಡ್ಡಕರು ಎಂಜಿನ್ ಆಫ್ ಮಾಡಿ, ಒಂದು ಮೆಷಿನ್ನನ್ನು ಕಿವಿಯಿಂದ ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು ಕುಲುಕಿ ನೋಡಿದರು.

"ಇದೇನಯ್ಯ, ಡಾಕ್ಟರಮ್ಮ ಕೆಟ್ಟಿರೋದು ಕೊಟ್ಟುಬಿಟ್ರಾ?" ಅಂದರು. "ಮಾರುಕಟ್ಟೆಯಿಂದ ಈಚೆಗೆ ಒಂದು ಮಾತೂ ಕೇಳಿಸಿಲ್ಲ."